ಗಾದೆಪ್ಪ ಬೆಡಗು ಹುಡುಕಿದ್ದು

ಹೆಣ್ಣು ನೋಡಲು ಬಂದವರು ಅವಲಕ್ಕಿ ತಿಂದು ಚಹಾ ಕುಡಿದ ಮೇಲೆ, ಹುಡುಗನ ತಂದೆ ದೊಡ್ಡಬೀರಪ್ಪ ಮೀಸೆ ಒರೆಸಿಕೊಂಡು ಕೇಳಿದ:

"ಎಲ್ಲಾ ಒಪ್ಪಿಗಿ ಆತು. ನಿಮ್ಮ ಬೆಡಗು ಯಾವುದ್ರೀ?"

ಗಾದೆಪ್ಪ ಹೆಂಡತಿಯ ಮುಖ ನೋಡಿದ. ಶೈಲಾ ನೆಲ ನೋಡಿದಳು. ಆ ನೆಲದ ಟೈಲ್ಸನ್ನು ಗಾದೆಪ್ಪನೇ ಕೂರಿಸಿದ್ದ. ಹಗರಿಬೊಮ್ಮನಹಳ್ಳಿಯಲ್ಲಿ ಈಗ ಏಳುವ ಹೊಸ ಮನೆಗಳಲ್ಲಿ ಅರ್ಧಕ್ಕರ್ಧ ಅವನ ಕೈಕೆಲಸವೇ. ಆದರೆ ಬೆಡಗು?

"ಕೇಳಿ ಹೇಳ್ತೀನ್ರೀ" ಅಂದ.

"ಯಾರನ್ನ ಕೇಳ್ತೀರಿ?" ದೊಡ್ಡಬೀರಪ್ಪನಿಗೆ ನಿಜವಾಗಿಯೂ ಅಚ್ಚರಿಯಾಗಿತ್ತು. ಬೆಡಗೆಂದರೆ ಕುಲದೊಳಗಿನ ಬಳಿ; ಒಂದೇ ಬೆಡಗಿನವರೆಂದರೆ ಒಡಹುಟ್ಟಿದವರ ಹಾಗೆ, ಅವರೊಳಗೆ ಹೆಣ್ಣು ಕೊಟ್ಟು ತರುವುದಿಲ್ಲ. ಕುರಿ ಸಾಕಿದ ಮನೆತನದಲ್ಲಿ ಹುಟ್ಟಿ ಅದನ್ನೇ ಅರಿಯದವನನ್ನು ಅವನು ಕಂಡಿರಲಿಲ್ಲ.

ಗಾದೆಪ್ಪ ಅರಿಯುವುದಾದರೂ ಹೇಗೆ? ಹೊಸಹಳ್ಳಿಯಿಂದ ಅವನನ್ನು ಅವ್ವ ಅಪ್ಪ ಗೋವಾಕ್ಕೆ ಹೊತ್ತೊಯ್ದಾಗ ಅವನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಮಾಪ್ಸಾದ ಕಟ್ಟಡಗಳ ಮರಳುಗುಡ್ಡೆಯ ಮೇಲೆ ಆಡಿ ಬೆಳೆದ. ಅಪ್ಪ ಕೆಂಚಪ್ಪ ಬೇಗ ತೀರಿಕೊಂಡ, ಅವ್ವ ಅವನ ಮದುವೆಗೆ ಮೊದಲೇ ಹೋದಳು. ಜೊತೆಗೆ ಕೆಲಸ ಮಾಡುತ್ತಿದ್ದ ಹಾವೇರಿ ಕಡೆಯ ಶೈಲಾಳನ್ನು ಅಲ್ಲೇ ಗುಡಿಯೊಂದರಲ್ಲಿ ಕಟ್ಟಿಕೊಂಡಾಗ ಇಬ್ಬರನ್ನೂ ಯಾರೂ ಏನೂ ಕೇಳಲಿಲ್ಲ. ಊರ ಕಡೆ ಮರಳಿ ಬಂದು ವರ್ಷಗಳೇ ಕಳೆದರೂ ಟೈಲ್ಸ್ ಎಣಿಸುವಾಗ ಅವನ ಬಾಯಲ್ಲಿ ಬರುವುದು ಇವತ್ತಿಗೂ ಕೊಂಕಣಿಯೇ.

ಬಂದವರು ಹೋದ ಮೇಲೆ ಮಗಳು ಭೂಮಿಕಾ ಕೇಳಿದಳು, "ಅವ್ವಂದು ಹೇಳಿದ್ರ ನಡಿಯಂಗಿಲ್ಲೇನು?"

"ಮಕ್ಕಳಿಗೆ ಅಪ್ಪಂದು ಬರೂದು" ಅಂದಳು ಶೈಲಾ. "ನಿಮ್ಮಪ್ಪಂದು ಎಲ್ಲಿ ಬಿದ್ದೈತೋ ಏನೋ."

ಗಾದೆಪ್ಪನಿಗೆ ನಾಚಿಕೆಗಿಂತ ಕುತೂಹಲವೇ ಹೆಚ್ಚಾಯಿತು. ತನ್ನದೇ ಒಂದು ಹೆಸರು ಎಲ್ಲೋ ಇದೆ, ತನಗೇ ಗೊತ್ತಿಲ್ಲ! ಮರುದಿನ ಕೆಲಸ ಬಿಟ್ಟು ಹೊಸಹಳ್ಳಿಯ ಬಸ್ಸು ಹತ್ತಿದ.

ಅಪ್ಪನ ಮನೆಯಿದ್ದ ಜಾಗದಲ್ಲಿ ಯಾರದೋ ಗೊಬ್ಬರದ ಅಂಗಡಿ ಎದ್ದಿತ್ತು. ಚಹಾದಂಗಡಿಯವನಿಗೆ ಕೆಂಚಪ್ಪನ ಹೆಸರು ಹೇಳಿದರೆ, "ಅಷ್ಟು ಹಿಂದಿಂದು ಅಂದ್ರ ಜಂಬಕ್ಕನ್ನ ಕೇಳ್ರಿ" ಎಂದು ಓಣಿ ತೋರಿಸಿದ.

ಜಂಬಕ್ಕ ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವಳದು ಬೇರೆ ಜಾತಿ, ಆದರೆ ಕೆಂಚಪ್ಪನ ನೆರೆಮನೆಯವಳು. ಗಾದೆಪ್ಪ ಹೇಳಿಕೊಂಡದ್ದನ್ನು ಕೇಳಿ ಅವನ ಗದ್ದ ಹಿಡಿದು ನೋಡಿದಳು.

"ಕೆಂಚಪ್ಪನ ಮೂಗು ಐತಿ ನೋಡು. ಬೆಡಗಿನ ಹೆಸರು ನಾ ಏನು ಬಲ್ಲೆನಪಾ? ಆದ್ರ ನಿಮ್ಮವ್ವ ಏನು ತಿಂತಿರ್ಲಿಲ್ಲ, ಅದನ್ನ ಹೇಳು. ನಿಮ್ಮೋರಾಗ ಒಂದೊಂದು ಬೆಡಗಿಗೆ ಒಂದೊಂದು ವರ್ಜ್ಯ ಇರ್ತೈತಿ."

"ಅವ್ವ ಎಲ್ಲಾ ತಿಂತಿದ್ಲು. ಗೋವಾದಾಗ ಮೀನಾ ಸುದ್ದಾ..." ಗಾದೆಪ್ಪ ತಟ್ಟನೆ ಮಾತು ನಿಲ್ಲಿಸಿದ. ಒಮ್ಮೆ ಮೇಸ್ತ್ರಿಯ ಮನೆಯ ಊಟದಲ್ಲಿ ಅವ್ವ ಅನ್ನವನ್ನು ಕೆದಕಿ ನೋಡಿ ತಟ್ಟೆ ಸರಿಸಿದ್ದಳು. ಹಸಿದಿದ್ದ ಅವನು ಯಾಕೆಂದು ಕೇಳಿದ್ದಕ್ಕೆ, 'ನಮಗ ಆಗಿಬರಂಗಿಲ್ಲ' ಅಂದಿದ್ದಳು. ವಾಸನೆ ಸೇರುವುದಿಲ್ಲವೇನೋ ಅಂದುಕೊಂಡಿದ್ದ.

"ಜೀರಿಗಿ" ಅಂದ. "ಅವ್ವ ಜೀರಿಗಿ ಮುಟ್ತಿರ್ಲಿಲ್ಲ."

ಜಂಬಕ್ಕ ಹುಣಸೆಯ ಕೈಯನ್ನೇ ಹಣೆಗೆ ಬಡಿದುಕೊಂಡಳು. "ಹೌದಲೇ ನನ್ನಪ್ಪಾ! ನಿಮ್ಮಪ್ಪನ ಮದ್ವ್ಯಾಗ ಸಾರಿಗೆ ಜೀರಿಗಿ ಹಾಕಾಕ ಹೋಗಿದ್ದೆ. ನಿಮ್ಮಜ್ಜಿ ಓಡಿ ಬಂದು ಕೈಯಾಗಿನ ಬಟ್ಟಲಾ ಕಸಗೊಂಡ್ಲು. 'ನಮ್ಮದು ಜೀರಿಗಿ ಬೆಡಗು ಐತಿ, ನಮ್ಮನ್ನ ನಾವ ತಿನ್ನೂದಾ?' ಅಂದ್ಲು."

ಗಾದೆಪ್ಪ ಅವಳ ಪಕ್ಕದಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟ. ಮದುವೆಯಾದಂದಿನಿಂದ ಅವನ ಮನೆಯ ಸಾರಿಗೆ ಜೀರಿಗೆ ಬೀಳದ ದಿನವಿರಲಿಲ್ಲ.

"ಈಗ ಏನು ಮಾಡ್ಲಿ ಯಮ್ಮಾ?"

"ತಿಂದದ್ದು ತಿಂದಾತು. ದೇವ್ರೇನು ಹೊಟ್ಟಿ ಕೊಯ್ದು ನೋಡ್ತಾನಾ?" ಜಂಬಕ್ಕ ಒಂದು ಹಿಡಿ ಹುಣಸೆಹಣ್ಣನ್ನು ಕಾಗದದಲ್ಲಿ ಕಟ್ಟಿ ಕೊಟ್ಟಳು.

ಮನೆಗೆ ಬಂದು ಸುದ್ದಿ ಹೇಳಿದಾಗ ಶೈಲಾ ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದು ನೋಡಿದಳು. "ಇದಿಲ್ದ ಸಾರು ಹೆಂಗ ಕುದಿಸಬೇಕು?" ಎಂದು ಗೊಣಗಿದರೂ ಆ ದಿನ ಬೆಳ್ಳುಳ್ಳಿಯನ್ನಷ್ಟೇ ಜಜ್ಜಿ ಹಾಕಿದಳು. ಸಾರು ಸಪ್ಪೆಯಿತ್ತು. ಗಾದೆಪ್ಪ ಬೇಡಿ ಹಾಕಿಸಿಕೊಂಡು ಉಂಡ. ಅವ್ವನ ಕೈಯ ಸಾರು ಹೀಗೇ ಇತ್ತೇ ಎಂದು ನೆನೆಯಲು ನೋಡಿದ, ನೆನಪು ದಕ್ಕಲಿಲ್ಲ.

"ನಾ ಮದ್ವಿಯಾದ ಮ್ಯಾಲೆ ಗಂಡನ ಬೆಡಗು ಬರ್ತೈತಲ್ಲಪ್ಪಾ, ಆವಾಗ ತಿನ್ನಬೌದಾ?" ಎಂದು ಭೂಮಿಕಾ ಕೇಳಿದಾಗ ಮಾತ್ರ ತುತ್ತು ಕೈಯಲ್ಲೇ ಉಳಿಯಿತು. ಈಗಷ್ಟೇ ಸಿಕ್ಕ ಹೆಸರು ಮದುವೆಯಾದೊಡನೆ ಮಗಳಿಂದ ಕಳಚಿ ಹೋಗುವುದಲ್ಲ ಎಂದು ಅವನಿಗೆ ಆಗ ಹೊಳೆಯಿತು.

"ತಿನ್ನು" ಅಂದ. "ಆದ್ರ ಯಾಕ ತಿಂತಿರ್ಲಿಲ್ಲ ಅಂತ ನಿನ್ನ ಮಕ್ಳಿಗೆ ಹೇಳು."

ದೊಡ್ಡಬೀರಪ್ಪನಿಗೆ ಫೋನು ಹಚ್ಚಿದ. "ನಮ್ಮದು ಜೀರಿಗಿ ಬೆಡಗ್ರೀ. ನಿಮ್ಮದು?"

"ಆನಿ ಬೆಡಗು! ಬ್ಯಾರೆ ಬ್ಯಾರೆ ಆತು. ಇನ್ನ ಮುಹೂರ್ತ ಕೇಳೂಣ್ರಿ."

"ಅಲ್ರೀ, ನಿಮ್ಮ ಮನ್ಯಾಗ ಏನು ವರ್ಜ್ಯ?"

"ಆನಿನ್ನ ಯಾರು ತಿಂತಾರ್ರೀ?" ದೊಡ್ಡಬೀರಪ್ಪ ನಕ್ಕ.

"ತಿನ್ನೂದು ಬಿಡ್ರಿ. ಆನಿ ಅಂತ ಯಾಕ ಬಂತು?"

ಆ ಕಡೆ ನಗು ನಿಂತಿತು. ಹುಟ್ಟಿದೂರನ್ನು ಒಂದು ದಿನವೂ ಬಿಡದ ದೊಡ್ಡಬೀರಪ್ಪ ಮೆಲ್ಲಗೆ ಅಂದ, "ನಾ ಯಾವತ್ತೂ ಕೇಳೇ ಇಲ್ಲ ನೋಡ್ರಿ. ತಡೀರಿ, ನಮ್ಮವ್ವ ಒಳಗ ಅದಾಳ, ಕೇಳಿ ಬರ್ತೀನಿ."

ಫೋನು ಇಡದೆ ಗಾದೆಪ್ಪ ಕಾದ. ಶೈಲಾ, ಭೂಮಿಕಾ ಇಬ್ಬರೂ ಪಕ್ಕಕ್ಕೆ ಬಂದು ಕಿವಿಗೊಟ್ಟರು.