ಸಂಜೆಯವರೆಗೆ ಒಂದು ರೂಮು

ನನ್ನ ಮದುವೆ ತಪ್ಪಿಸಿದ ವೈರಿ ಯಾರೆಂದು ನನ್ನವ್ವ ಬಹಳ ವರ್ಷ ಹುಡುಕಿದಳು. ಪಾಪ, ದಿನಾ ಎರಡು ಹೊತ್ತು ಅವನಿಗೇ ರೊಟ್ಟಿ ಬಡಿದು ಹಾಕುತ್ತಿದ್ದಳು.

ನಾನು ಗುರುಪುತ್ರಪ್ಪ. ಬೆಳಗಾವಿ ರೈಲ್ವೆ ಸ್ಟೇಷನ್ನಿನ ಹತ್ತಿರದ ಲಾಡ್ಜೊಂದರ ಕೌಂಟರಿನಲ್ಲಿ ಕುಳಿತು, ಬಂದವರ ಹೆಸರು, ಊರು, ಬಂದ ಕಾರಣ, ಜೊತೆಯವರ ಸಂಬಂಧ ಬರೆದುಕೊಳ್ಳುವ ಗುಮಾಸ್ತ. ಆದರೆ ನನ್ನ ಲೆಕ್ಕದಲ್ಲಿ ನಾನು ಅರ್ಧ ಫೌಜದಾರ. ಇದಕ್ಕೆ ಕಾರಣ ಪೊಲೀಸ್ ಮಾಯಪ್ಪ. ದಿನಾ ಬೆಳಿಗ್ಗೆ ನಮ್ಮ ರಿಜಿಸ್ಟರ್ ನೋಡಲು ಬಂದು, ಚಹಾ ಕುಡಿದು, ಸಹಿ ಹಾಕುವಾಗ "ಗುರುಪುತ್ರಪ್ಪನವರ, ನಿಮ್ಮ ಅಕ್ಷರ ಅಂದ್ರ ಮುತ್ತು ನೋಡ್ರಿ" ಎನ್ನುತ್ತಿದ್ದ. ಎಲ್ಲ ಲಾಡ್ಜುಗಳಲ್ಲೂ ಅವನು ಇದನ್ನೇ ಹೇಳಿ ಚಹಾ ಕುಡಿಯುತ್ತಾನೆಂದು ನನಗೆ ತಿಳಿದದ್ದು ಆಮೇಲೆ.

ಮಾಯಪ್ಪ ನನಗೊಂದು ಪಾಠ ಹೇಳಿಕೊಟ್ಟಿದ್ದ. ಹತ್ತಿರದ ಊರಿನವರು ರೂಮು ಕೇಳಿದರೆ ಅನುಮಾನಪಡಬೇಕು. ಜೊತೆಗೆ ಹೆಂಗಸಿದ್ದು, ಸಾಮಾನಿಲ್ಲದಿದ್ದರೆ ಮಾತೇ ಬೇಡ. ಇದು ಯಾವ ಕಾಯ್ದೆಯಲ್ಲಿದೆ ಎಂದು ನಾನು ಕೇಳಿರಲಿಲ್ಲ. ಹೆಸರು ಕೇಳಿದರೆ ಸುಳ್ಳು ಹೇಳುತ್ತಾರೆ, ಅದಕ್ಕೇ ಮೊದಲು ಊರು ಕೇಳಬೇಕು ಎಂಬುದು ಮಾತ್ರ ನನ್ನದೇ ಸಂಶೋಧನೆ.

೧೯೭೮ರ ಒಂದು ಗುರುವಾರ. ಆ ಸಂಜೆ ಐದಕ್ಕೆ ಖಾನಾಪುರದ ಬಸಲಿಂಗಪ್ಪ ಎಂಬವರು ಟಿಳಕವಾಡಿಯ ನಮ್ಮ ಮನೆಗೆ ಮಗಳಿಗೆ ಸಂಬಂಧ ನೋಡಲು ಬರುವವರಿದ್ದರು. ಅವರನ್ನಾಗಲಿ, ಅವರ ಮಗಳನ್ನಾಗಲಿ ನಾನು ಕಂಡಿರಲಿಲ್ಲ. ನನಗಾಗಲೇ ಮೂವತ್ತೆರಡು. ಇದೂ ತಪ್ಪಿದರೆ ಮುಂದೆ ಹೆಣ್ಣು ಸಿಕ್ಕಂತೆಯೇ ಎಂದು ಅವ್ವ ನಸುಕಿನಲ್ಲೇ ಎದ್ದು ಅಂಗಳ ಸಾರಿಸಿದ್ದಳು. ನನ್ನ ಫೋಟೋ ಮೊದಲೇ ಖಾನಾಪುರಕ್ಕೆ ಹೋಗಿತ್ತು. ಅದರಲ್ಲಿ ಕೋಟು, ಟೈ ಸ್ಟುಡಿಯೋದವು, ಮುಖವೊಂದು ನನ್ನದು.

ಬೆಳಿಗ್ಗೆ ಗೋವಾಕ್ಕೆ ಹೊರಟಿದ್ದ ಹಿಪ್ಪಿ ಜೋಡಿಯೊಂದು ಬಂತು. ಪಾಸ್‌ಪೋರ್ಟ್ ನೋಡಿ, ಹೊರದೇಶದವರಿಗಾಗಿ ಇರುವ ಸಿ ಫಾರ್ಮ್ ತುಂಬಿ, ಕೀಲಿ ಕೊಟ್ಟೆ. ಗಂಡ ಹೆಂಡತಿಯೇ ಎಂದು ಕೇಳಲಿಲ್ಲ. ಫಾರ್ಮಿನಲ್ಲಿ ಅಂಥ ಕಾಲಂ ಇರಲಿಲ್ಲ.

ಹನ್ನೆರಡರ ಸುಮಾರಿಗೆ ರುಮಾಲು ಸುತ್ತಿದ ಹಿರಿಯರೊಬ್ಬರು ಬಂದರು. ಹಿಂದೆ ಹಸಿರು ಸೀರೆಯ ಹುಡುಗಿ. ಇಬ್ಬರಿಗೂ ಸೇರಿ ಒಂದೇ ಕೈಚೀಲ.

"ಸಂಜಿತನಕ ಒಂದ ರೂಮ್ ಬೇಕಾಗಿತ್ರಿ. ಮಾರಿ ತೊಳ್ಕೊಂಡು ಒಂದೀಟು ಕುಂದರಾಕ."

ಸಂಜೆಯವರೆಗೆ! ನನ್ನ ಕಿವಿ ನೆಟ್ಟಗಾಯಿತು.

"ಯಾವ ಊರ್ರಿ?"

"ಖಾನಾಪುರ."

ಇಲ್ಲಿ ದೇವರು ನನಗೊಂದು ಅವಕಾಶ ಕೊಟ್ಟಿದ್ದ. ಖಾನಾಪುರದವರು ಬರುತ್ತಾರೆಂದು ಬೆಳಗಿನಿಂದ ಹತ್ತು ಸಲ ಗಡಿಯಾರ ನೋಡಿದವನು ನಾನೇ. ಆದರೆ ಕೌಂಟರಿನ ಹಿಂದೆ ಕುಳಿತಾಗ ನನ್ನ ತಲೆಯಲ್ಲಿ ಮಾಯಪ್ಪನನ್ನು ಬಿಟ್ಟು ಇನ್ನೊಬ್ಬರಿಗೆ ಜಾಗವಿರಲಿಲ್ಲ.

"ಖಾನಾಪುರಕ್ಕ ಬೇಕಾದಷ್ಟು ಬಸ್ ಅದಾವ. ರೂಮ್ ಯಾಕ್ರಿ?"

"ಸ್ವಂತ ಕೆಲಸ ಐತ್ರಿ."

"ಇವರು ನಿಮಗೇನಾಗಬೇಕು?"

"ಮಗಳ್ರಿ."

ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಮಾಯಪ್ಪ ನಗುವಂತೆಯೇ ನಕ್ಕು, "ಎಲ್ಲಾರೂ ಹಂಗ ಹೇಳ್ತಾರ್ರಿ" ಎಂದೆ.

ಹಿರಿಯರ ಮುಖ ಬಿಳಿಚಿಕೊಂಡಿತು. ಹುಡುಗಿ ತಲೆ ತಗ್ಗಿಸಲಿಲ್ಲ. ಚೀಲದಿಂದ ಒಂದು ಫೋಟೋ ತೆಗೆದು ರಿಜಿಸ್ಟರಿನ ಮೇಲಿಟ್ಟಳು. ಕೋಟು, ಟೈ, ನನ್ನ ಮುಖ.

"ಮನಿಗೆ ಹೋಗೂಕಿಂತ ಮೊದಲ, ಹುಡುಗ ಕೆಲಸದಾಗ ಹೆಂಗದಾನ ನೋಡೂಣು ಅಂತ ನಾನ ಅಪ್ಪನ್ನ ಕರ್ಕೊಂಡ ಬಂದಿದ್ದೆ," ಎಂದಳು. "ನೋಡಿದ್ವಿ. ಬರ್ತೀವ್ರಿ."

ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ಓಡಿದೆ, ಕೈಮುಗಿದೆ. ಬಸಲಿಂಗಪ್ಪನವರು ಮಗಳನ್ನು ಮೊದಲು ಹತ್ತಿಸಿ, ತಾವೂ ಬಸ್ಸು ಹತ್ತಿದರು. ಮಗಳ ಮುಂದೆ ತಂದೆಗೆ ಆಡಬಾರದ ಮಾತು ಆಡಿದ್ದೆ. ನಾಚಿಕೆಯಿಂದ ಸತ್ತು ಹೋಗಬೇಕೆನಿಸಿತು. ಸಾಯಲಿಲ್ಲ, ವಾಪಸು ಬಂದು ಡ್ಯೂಟಿಗೆ ಕುಳಿತೆ. ಸಂಜೆ ಅವ್ವ ದಾರಿ ಕಾಯ್ದು ಕಾಯ್ದು, ಬೀಗರಿಗೆಂದು ಮಾಡಿದ ಉಪ್ಪಿಟ್ಟನ್ನು ನನಗೇ ಬಡಿಸಿದಳು. ನಾನು ಬಾಯಿ ಬಿಡಲಿಲ್ಲ. ಆಮೇಲೆ ಎರಡು ಸಂಬಂಧ ಬಂದವು; ಎರಡೂ ಕಡೆಯವರಿಗೆ ಖಾನಾಪುರದ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು.

ಒಂಬತ್ತು ವರ್ಷವಾದ ಮೇಲೆ, ಒಂದು ಮಧ್ಯಾಹ್ನ, ಖಾನಾಪುರದ ಅದೇ ಹುಡುಗಿ ಕೌಂಟರಿನ ಮುಂದೆ ನಿಂತಿದ್ದಳು. ಪಕ್ಕದಲ್ಲಿ ಕನ್ನಡಕದ ಗಂಡಸು. ಅವರು ಸೊಲ್ಲಾಪುರದಿಂದ ಯಾರದೋ ಮದುವೆಗೆ ಬಂದಿದ್ದರು. ಮದುವೆ ಮನೆಯಲ್ಲಿ ಜಾಗವಿರಲಿಲ್ಲ. ನಾನು ತಲೆಯೆತ್ತದೆ ಹೆಸರು ಕೇಳಿದೆ. ಹೌದು, ಈಗ ಮೊದಲು ಹೆಸರನ್ನೇ ಕೇಳುತ್ತೇನೆ. ಚಂದ್ರವ್ವ ಎಂದಳು. ಆ ಹೆಸರನ್ನು ಮೊದಲ ಸಲ ಅವಳ ಬಾಯಿಂದಲೇ ಕೇಳಿದೆ. ಬರೆದುಕೊಂಡು ಬೇಗನೆ ಕೀಲಿ ಮುಂದೆ ಸರಿಸಿದೆ.

"ಒಂದು ಕೇಳೂದ ಬಿಟ್ರೆಲ್ಲ," ಎಂದಳು.

"ಏನ್ರಿ?"

"ಇವರು ನನಗೇನಾಗಬೇಕು ಅಂತ."

ಕಥೆ ಗೊತ್ತಿಲ್ಲದ ಗಂಡಸು ನಕ್ಕ. ನಾನು ರಿಜಿಸ್ಟರ್ ನೋಡುತ್ತಲೇ ಕೇಳಿದೆ.

"ಗಂಡ," ಎಂದಳು. ಕೀಲಿ ತೆಗೆದುಕೊಳ್ಳದೆ ಹಾಗೇ ನಿಂತಳು. ಅಂದು ಅವಳ ಅಪ್ಪನಿಗೆ ನಾನಾಡಿದ ಮುಂದಿನ ಮಾತಿಗೇ ಕಾಯುತ್ತಿದ್ದಾಳೆಂದು ತಿಳಿಯಿತು.

ನಾನು ರಿಜಿಸ್ಟರನ್ನು ಮತ್ತೆ ಹತ್ತಿರ ಎಳೆದುಕೊಂಡೆ. ಸಂಬಂಧದ ಕಾಲಮ್ಮಿನಲ್ಲಿ 'ಗಂಡ' ಎಂದು ನಿಧಾನವಾಗಿ ಬರೆದೆ. ಅಕ್ಷರ ಮುತ್ತಿನಂತೆ ಬಂದಿತ್ತು. ಮಾಯಪ್ಪ ಅದೊಂದನ್ನು ಮಾತ್ರ ಖರೇ ಹೇಳಿದ್ದ.