ಬ್ಯಾಂಕಿನ ಪರದೆ ನೇರಳೆಯಾದದ್ದು

ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಹಾಸುಬಟ್ಟೆಗಳನ್ನು ಹಳ್ಳದಲ್ಲಿ ಒಗೆದ ಹೆಂಗಸು ಅವಳು. ಅವಳು ಒಗೆದ ಬಟ್ಟೆ ಹಾಲಿನಂತಿರುತ್ತದೆಂದು ಎಲ್ಲರೂ ಬಿಳಿಯಕ್ಕ ಎಂದೇ ಕರೆಯುತ್ತಿದ್ದರು. ಗಂಡ ಇಸ್ತ್ರಿ ಹಾಕುತ್ತಿದ್ದ.

ಪೇಟೆಗೆ ಹೊಸ ಬ್ಯಾಂಕ್ ಬಂದಮೇಲೆ ಸಾಲ ಸಲೀಸಾಯಿತು. ಮೂರೇ ವರ್ಷಗಳಲ್ಲಿ ಹಳ್ಳದ ದಂಡೆಗೆ ಬಟ್ಟೆಗೆ ಬಣ್ಣ ಹಾಕುವ ಹನ್ನೊಂದು ಶೆಡ್ಡುಗಳು ಎದ್ದವು. ಅವಳ ನಾದಿನಿಗೂ ಅಲ್ಲೇ ಕೆಲಸ ಸಿಕ್ಕಿತು. ಆದರೆ ಶೆಡ್ಡಿನ ಹೊಲಸು ನೀರೆಲ್ಲ ನೇರ ಹಳ್ಳಕ್ಕೆ. ಸೋಮವಾರ ಕೆಂಪು, ಗುರುವಾರ ನೇರಳೆ. ಬಿಳಿಯಕ್ಕನ ಕೈ ಮೊಣಕೈವರೆಗೂ ಬಿರಿದು ರಕ್ತ ಒಸರಿತು. ಕಲೆಬಿದ್ದ ಹಾಸುಬಟ್ಟೆಗಳನ್ನು ಆಸ್ಪತ್ರೆಯವರು ಅವಳ ಮುಂದೆ ಎಸೆದು, ಕೆಲಸವನ್ನು ಬೇರೆಯವರಿಗೆ ಕೊಟ್ಟರು.

ಶೆಡ್ಡಿನವರನ್ನು ಕೇಳಿದರೆ, "ನೀರು ಸೋಸೋ ತೊಟ್ಟಿ ಕಟ್ಟಿ ಅಂತ ಬ್ಯಾಂಕಿನವರೇ ಹೇಳಿಲ್ಲ, ನೀನ್ಯಾರು ಹೇಳೋಕೆ?" ಅಂದರು.

ಬ್ಯಾಂಕಿಗೆ ಹೋದಳು. ಮ್ಯಾನೇಜರ್ ಕಂಪ್ಯೂಟರಿನಿಂದ ಕಣ್ಣು ಕೀಳಲಿಲ್ಲ. "ನಾವು ಸಾಲ ಕೊಟ್ಟಿದ್ದು ಯಂತ್ರಕ್ಕೆ ಕಣಮ್ಮ. ಹಳ್ಳಕ್ಕೂ ನಮಗೂ ಏನು ಸಂಬಂಧ? ಊರು ಉದ್ಧಾರ ಆಗ್ತಿರೋದು ಕಾಣ್ಸಲ್ವಾ?"

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆದರೂ ನಯವಾಗಿ, "ನಿಮ್ಮ ಪರದೆ ಕೊಳೆಯಾಗಿದೆ ಸಾರ್, ಒಗೆದು ಕೊಡ್ಲಾ?" ಎಂದಳು. ಪುಕ್ಕಟೆ ಎಂದದ್ದಕ್ಕೆ ಅವನು ತಲೆಯಾಡಿಸಿದ.

ಗುರುವಾರ ಒಗೆದು, ಶುಕ್ರವಾರ ಜನ ಸಾಲುಗಟ್ಟಿ ನಿಂತಿದ್ದ ಹೊತ್ತಿನಲ್ಲಿ ತಂದು ಹರವಿದಳು.

"ಏನಮ್ಮಾ ಇದು! ಬಿಳಿ ಪರದೆ ಕೊಟ್ರೆ ನೇರಳೆ ಮಾಡ್ಕೊಂಡು ಬಂದಿದೀಯಾ? ತಲೆ ಕೆಟ್ಟಿದೆಯಾ?"

"ಸೋಪು ನಂದು, ಕೈ ನಂದು. ಬಣ್ಣ ನಿಮ್ಮ ಸಾಲದ್ದು ಸಾರ್!"

ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು. "ನಮ್ಮ ಬಾವಿನೂ ಹಿಂಗೇ ಆಗಿದೆ" ಎಂದು ಒಬ್ಬ ಮುದುಕ ದನಿಯೆತ್ತಿದ, ನಗು ನಿಂತಿತು. ಮ್ಯಾನೇಜರ್ ಕಾವಲುಗಾರನನ್ನು ಕೂಗಿದ. ಅವಳನ್ನು ಹೊರಗೆಳೆಯಲು ಕೈ ಹಿಡಿದ ಕಾವಲುಗಾರ, ಆ ಚರ್ಮ ನೋಡಿ ಬಿಟ್ಟುಬಿಟ್ಟ.

ಸಂಜೆ ನಾದಿನಿ ಬಂದು ಹಾರಾಡಿದಳು. "ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯಾ ಅತ್ತಿಗೆ?"

"ನಾನೇನು ಶೆಡ್ಡು ಮುಚ್ಚಿ ಅಂದ್ನಾ? ತೊಟ್ಟಿ ಕಟ್ಟಿ ಅಂದೆ. ನಾಳೆ ನಿನ್ನ ಮಕ್ಕಳು ಕುಡಿಯೋದೂ ಅದೇ ನೀರಲ್ವೇನೇ?"

ನಾದಿನಿ ಮುಖ ತಿರುಗಿಸಿಕೊಂಡು ಹೋದಳು. ಎಷ್ಟೋ ದಿನ ಮಾತು ಬಿಟ್ಟಳು.

ಸುದ್ದಿ ಬ್ಯಾಂಕಿನ ದೊಡ್ಡ ಕಚೇರಿ ಮುಟ್ಟಿತು. ಇನ್ನು ಮುಂದೆ ತೊಟ್ಟಿ ಕಟ್ಟಿದವರಿಗಷ್ಟೇ ಹೊಸ ಸಾಲ ಎಂದು ಆದೇಶ ಬಂತು. ಸಾಲ ಬೇಕಿದ್ದ ಇಬ್ಬರು ಕಟ್ಟಿಸಿದರು. ಉಳಿದವರಿಗೆ ಹಳೇ ಸಾಲವೇ ಸಾಕಾಗಿತ್ತು. ಹಳೇ ಕಾಗದದಲ್ಲಿ ಅಂಥ ಷರತ್ತೇ ಇರಲಿಲ್ಲವಂತೆ! ಬಿಳಿಯಕ್ಕನ ಕೆಲಸವಂತೂ ಮರಳಿ ಬರಲಿಲ್ಲ. ಕೈಗೆ ಮುಲಾಮು ಹಚ್ಚಿಕೊಂಡು ಗಂಡನ ಜೊತೆ ಇಸ್ತ್ರಿಗೆ ನಿಂತಳು.

ವರ್ಷದ ಕೊನೆಗೆ ಬ್ಯಾಂಕು ಆ ಎರಡು ತೊಟ್ಟಿಗಳ ಫೋಟೊ ಹಾಕಿ ಕ್ಯಾಲೆಂಡರ್ ಅಚ್ಚುಹಾಕಿಸಿತು. ಮ್ಯಾನೇಜರ್ ಅವಳಿಗೂ ಒಂದನ್ನು ಕಳಿಸಿದ. ಅವಳು ಸುರುಳಿ ಬಿಚ್ಚಿ ನೋಡಿ, ತಂದವನ ಕೈಗೇ ವಾಪಸ್ ತುರುಕಿದಳು.

"ಮಿಕ್ಕ ಒಂಬತ್ತರ ಫೋಟೊ ಎಲ್ಲಿ ಅಂತ ಕೇಳು, ಹೋಗು."