ಖುರ್ರತುಲ್ ಐನ್ ಮತ್ತು ನನ್ನ ಗಂಟಲು

ಬೀದರ್‌ನಿಂದ ಭಾಲ್ಕಿಗೆ ಹೋಗುವ ಬಸ್ಸಿನಲ್ಲಿ ಮೊನ್ನೆ ಗುರುತಿಲ್ಲದ ಹೆಂಗಸೊಬ್ಬರು ನನ್ನ ಬೆನ್ನಿಗೆ ದಬದಬ ಗುದ್ದಿದರು.

ಜಗಳವಲ್ಲ. ಪ್ರಾಣ ಉಳಿಸಲಿಕ್ಕೆ!

ಆಗಿದ್ದಿಷ್ಟು. ಭಾಲ್ಕಿಯಲ್ಲಿ ಹೈಸ್ಕೂಲ್ ಮಕ್ಕಳ ಪ್ರಬಂಧ ಸ್ಪರ್ಧೆಯ ಬಹುಮಾನ ವಿತರಣೆ. ನಿರೂಪಣೆ ನನ್ನದು. (ಮೈಕ್ ಕೊಟ್ಟರೆ ಬೇಡ ಅನ್ನುವವಳು ನಾನಲ್ಲ, ನಿಮಗೆ ಗೊತ್ತೇ ಇದೆ.) ಮೊಬೈಲಿಗೆ ಬಂದ ಪಟ್ಟಿಯ ಮೊದಲ ಹೆಸರೇ ಖುರ್ರತುಲ್ ಐನ್, ಊರು ಔರಾದ್. ಮೊದಲ ಬಹುಮಾನ. ಈ ಹೆಸರಿನ ಮೊದಲ ಅಕ್ಷರ ಅರಬಿಯಲ್ಲಿ ಗಂಟಲಿನ ತಳದಿಂದ ಬರಬೇಕು ಅಂತ ಯಾವುದೋ ವಿಡಿಯೋ ಹೇಳಿತು. ಸರಿ, ಕಿಟಕಿ ಪಕ್ಕ ಕೂತು ತಳ ಹುಡುಕತೊಡಗಿದೆ. ಕ್ಖ್... ಕ್ಖ್... ಪಕ್ಕದಲ್ಲಿದ್ದ ಬುರ್ಖಾದ ಹೆಂಗಸು, ನನ್ನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಅಂದುಕೊಂಡರು. ಗುದ್ದು ಬಿತ್ತು. ಹಿಂದೆಯೇ ನೀರಿನ ಬಾಟ್ಲಿಯೂ ಬಂತು.

ನಿಜ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಅಷ್ಟ್ಯಾಕ ತ್ರಾಸ್ ತಗೋತೀರಿ ಅಕ್ಕಾ? ಅರಬಸ್ತಾನದ ಗಂಟಲಾ ನಮಗ ಎಲ್ಲಿಂದ ಬರ್ಬೇಕು? ನಾವು ಬೀದರ್ ಮಂದಿ ಖುರ್ರತ್ ಅಂತೇವ್ರಿ. ಖಾರದ ಖ ಹಾಕ್ರಿ, ಸಾಕು."

"ಅರ್ಥ ಏನ್ರಿ?"

"ಐನ್ ಅಂದ್ರ ಕಣ್ಣು. ಖುರ್ರತ್ ಅಂದ್ರ ತಂಪು. ಕಣ್ಣಿನ ತಂಪು ನೋಡ್ರಿ. ದುಃಖದ ಕಣ್ಣೀರು ಬಿಸಿ ಇರ್ತದಂತ, ಖುಷೀದು ತಂಪು. ನಮ್ಮ ಮಕ್ಕಳು ನಮ್ಮ ಕಣ್ಣಿಗಿ ತಂಪಾಗ್ಲಿ ಅಂತ ದುವಾ ಕೇಳ್ತೇವಿ. ನಮಾಜ್‌ದಾಗ ಸಿಗೋ ಸಮಾಧಾನಕ್ಕೂ ಇದೇ ಮಾತ್ರಿ."

ನಾನು ಸೀಟಿನಿಂದ ಅರ್ಧ ಎದ್ದೆ. ಕಣ್ಣಿನ ತಂಪು! ನನ್ನವ್ವ ಮೊಮ್ಮಕ್ಕಳನ್ನು ಕಂಡಾಗೆಲ್ಲ "ಕಣ್ಣು ತಂಪಾತು ನೋಡವಾ" ಅನ್ನುತ್ತಿದ್ದಳಲ್ಲ? ನಮ್ಮ ಕಡೆಯ ಬಿಸಿಲಲ್ಲಿ ಬೆಂದವರಿಗೆ ಇದಕ್ಕಿಂತ ದೊಡ್ಡ ಆಶೀರ್ವಾದ ಉಂಟೇ? ಮರಳುಗಾಡಿನವರೂ ನನ್ನವ್ವನೂ ಆಡಿದ್ದು ಒಂದೇ ಮಾತು. ನನಗೇ ಗೊತ್ತಿರಲಿಲ್ಲ, ಅಷ್ಟೇ.

ಭಾಲ್ಕಿ ಬರುವಷ್ಟರಲ್ಲಿ ಇಬ್ಬರೂ ಸೇರಿ ಆ ಹೆಸರನ್ನು ಎಷ್ಟು ಸಲ ಹೇಳಿದೆವೆಂದರೆ, ಕಂಡಕ್ಟರ್‌ಗೂ ಬಾಯಿಪಾಠವಾಗಿತ್ತು.

ಹಾಲ್‌ನಲ್ಲಿ ಕಾಲಿಡುತ್ತಿದ್ದಂತೆ ಬಿಳಿ ಸ್ಕಾರ್ಫಿನ ಹುಡುಗಿಯೊಬ್ಬಳು ಅಡ್ಡ ಬಂದಳು.

"ಮೇಡಂ, ನಾ ಔರಾದಿಂದ ಬಂದೇನ್ರಿ. ಖುರ್ರತುಲ್ ಐನ್. ನನ್ನ ಹೆಸರು ಕರೀಬ್ಯಾಡ್ರಿ. ಹದಿನಾಲ್ಕ್ ನಂಬರ್ ಅಂತ ಕರೀರಿ."

"ಯಾಕವಾ?"

"ಹೋದ ವರ್ಷ ಮೈಕಿನ್ಯಾಗ ಕುರ್ತಾ ಐರನ್ ಅಂದ್ರು. ಎಲ್ಲಾರೂ ನಕ್ರು. ನಾ ಏಳ್ಲೇ ಇಲ್ರಿ. ನಮ್ಮ ಸರ್ ಹೋಗಿ ಬಹುಮಾನ ತಂದ್ರು."

ನನಗೂ ನಗು ಬಂತು, ಒಪ್ಪಿಕೊಳ್ಳುತ್ತೇನೆ. ಅವಳ ಮುಖ ನೋಡಿ ನುಂಗಿದೆ. ಸ್ಪರ್ಧೆಯ ನಂಬರ್ ಬರೆದ ಚೀಟಿಯನ್ನು ಮಡಚಿ ಮಡಚಿ ಕಡಲೆಕಾಳಿನಷ್ಟು ಮಾಡಿದ್ದಳು. ಗೆದ್ದ ಹುಡುಗಿ ತನ್ನ ಹೆಸರನ್ನೇ ಬಚ್ಚಿಡಬೇಕೆ?

"ನಂಬರ್ ಕರೆಯಂಗಿಲ್ಲ" ಅಂದೆ. ಸಪ್ಪೆ ಮುಖ ಮಾಡಿ ಹೋಗಿ ಕೊನೆಯ ಸಾಲಿನಲ್ಲಿ ಕೂತಳು. ಸಂಘಟಕರು ಬೇರೆ ನನ್ನ ಕಿವಿಯಲ್ಲಿ, "ಕೆ. ಐನ್ ಅಂದುಬಿಡ್ರಿ ಮೇಡಂ, ನಡೀತದ" ಅಂದರು.

ನಡೆಯಲಿಲ್ಲ. ಮೈಕ್ ಹಿಡಿದೆ. (ಹೆಸರನ್ನು ಮನಸ್ಸಿನಲ್ಲೇ ಮತ್ತೊಂದು ಸಲ ಹೇಳಿಕೊಂಡೆ. ಇಪ್ಪತ್ತು ವರ್ಷದ ಅನುಭವ ನನ್ನದು!)

"ಮೊದಲ ಬಹುಮಾನ, ಔರಾದಿನ ಖುರ್ರತುಲ್ ಐನ್! ಹಂಗಂದ್ರ ಕಣ್ಣಿನ ತಂಪು. ಬಾ ನನ್ನವ್ವಾ, ನಮ್ಮ ಕಣ್ಣು ತಂಪು ಮಾಡು!"

ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಹುಡುಗಿ ಕೊನೆಯ ಸಾಲಿನಿಂದ ಓಡಿಬಂದಳು, ಒಂದು ಚಪ್ಪಲಿಯನ್ನು ದಾರಿಯಲ್ಲೇ ಬಿಟ್ಟು.

ಹಿಗ್ಗಿದೆ ನೋಡಿ ನಾನು! ಅದೇ ಹಿಗ್ಗಿನಲ್ಲಿ ಎರಡನೆಯ ಬಹುಮಾನ ಕೂಗಿದೆ: "ಖಟಕ ಚಿಂಚೋಳಿಯ ಉಮಾ!"

ಯಾರೂ ಏಳಲಿಲ್ಲ. ಮತ್ತೆ ಕೂಗಿದೆ.

"ಉಮಾ ಅಲ್ರಿ ಮೇಡಂ, ಸುಮಾ" ಅಂತು ಮುಂದಿನ ಸಾಲಿನಿಂದ ಒಂದು ದನಿ.

ಎರಡೇ ಅಕ್ಷರ. ಅದೂ ತಪ್ಪು! ಹಾಲ್‌ಗೆ ಹಾಲೇ ನಕ್ಕಿತು, ಸುಮಾನೂ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ವೇದಿಕೆ ಮೇಲೆ ಒಂದೇ ಚಪ್ಪಲಿಯಲ್ಲಿ ನಿಂತಿದ್ದ ಖುರ್ರತುಲ್ ಐನ್.

ಅಂದಹಾಗೆ, ನಾಲಿಗೆ ಹೊರಳಲ್ಲ ಅಂತ ನೀವು ಅರ್ಧಕ್ಕೇ ಕತ್ತರಿಸಿಟ್ಟ ಹೆಸರು ಯಾರದು?